ಎಡಗಾಲಿನ ಬ್ರೇಕು

ಆ ಸೀಟು ಬೇರೊಬ್ಬಳಿಗೆ ಎಂದು ಹೇಮಾವತಿಗೆ ಗೊತ್ತಾದದ್ದು ಒಂದು ಸೋಮವಾರ, ಬೆಳಗಿನ ಬಿಸಿಲು ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದ ಹೊತ್ತಿನಲ್ಲಿ.

ನಾಗೇಂದ್ರ ಗೋಣಿಚೀಲದಿಂದ ತಗಡಿನದೊಂದು ತಳ ತೆಗೆದು ಅವಳ ಮೇಜಿನ ಮೇಲಿಟ್ಟ. ಮುಂದೆ ಮೂರು ಬೆರಳಿನಷ್ಟು ಕಿರಿದು, ಹಿಂದೆ ಮೊರದ ಹಾಗೆ ಅಗಲ, ನಡುವೆ ತಗ್ಗು. ಸಾಗರದ ಜೋಗ ರಸ್ತೆಯಲ್ಲಿ ಹದಿನಾರು ವರ್ಷದಿಂದ ಬೈಕು, ಆಟೋ, ಟ್ರ್ಯಾಕ್ಟರುಗಳ ಸೀಟು ಹೊಲಿಯುತ್ತಿರುವ ಅವಳು ಇಂಥದ್ದನ್ನು ನೋಡಿರಲಿಲ್ಲ.

“ಇದೆಂಥ ಮಾರಾಯ್ರೇ, ಪಾಯಸ ಬಡಿಸೋ ಸೌಟಾ?”

“ಚಾಪರ್ ಬೈಕಿನ ಸೀಟು,” ಎಂದ ನಾಗೇಂದ್ರ. “ಗಾಡೀನ ಮನೇಲೇ ಕಟ್ತಾ ಇದೀನಿ. ಇಂಜಿನ್ನು ಹಳೇದು, ಚಾಸಿ ನಾನೇ ಮಾಡಿದ್ದು. ಮುಂದಿನ ಗಾಲಿ ಎಷ್ಟು ದೂರ ಇರ್ತದೆ ನೋಡಿ.” ಮೇಜಿನ ಮೇಲಿದ್ದ ಚಾಕ್ ಪುಡಿಯಲ್ಲಿ ಬೆರಳಿನಿಂದ ಗೆರೆ ಎಳೆದ. ಮುಂದೆ ಚಾಚಿದ ಉದ್ದ ಫೋರ್ಕು, ಮೇಲೆ ಎತ್ತಿದ ಹ್ಯಾಂಡಲ್, ಹಿಂದೆ ನೆಲಕ್ಕೆ ಹತ್ತಿರವಾಗಿ ಒಂದು ತಗ್ಗು. “ಸೀಟು ಬರೋದು ಇಲ್ಲಿ.”

“ಕೂರೋದು ಯಾರು, ನೀವಾ?”

“ಅಲ್ಲ.” ಬೆರಳು ನಿಂತಿತು. “ಒಬ್ರಿದಾರೆ. ಐದಡಿ ಎರಡಿಂಚು. ಕೂತ್ರೆ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗ್ಬೇಕು. ತುದಿಗಾಲಲ್ಲಿ ನಿಲ್ಲೋ ಹಂಗಾಗ್ಬಾರ್ದು.”

“ಗಂಡಸೋ ಹೆಂಗಸೋ? ಸೊಂಟದ ಅಳತೆ ಬೇರೆ ಆಗ್ತದೆ.”

ಅವನ ಕಿವಿಯ ತುದಿ ಕೆಂಪಾಯಿತು. ನಲವತ್ತೆರಡರ ಗಂಡಸು, ಕೆನ್ನೆಯ ಮೇಲೆ ವೆಲ್ಡಿಂಗ್ ಕಿಡಿ ಹಾರಿದ ಕಪ್ಪು ಚುಕ್ಕೆಗಳು, ಕಿವಿ ಮಾತ್ರ ಮೇಷ್ಟ್ರ ಎದುರು ಸಿಕ್ಕಿಬಿದ್ದ ಹುಡುಗನದು.

“ಹೆಂಗಸು,” ಎಂದ.

ಹೇಮಾವತಿ ಟೇಪು ಎತ್ತಿಕೊಂಡಳು. ಎದೆಯೊಳಗೆ ಎಲ್ಲೋ ಒಂದು ದಾರ ತಟ್ಟನೆ ಹರಿದ ಹಾಗಾಯಿತು. ಅಲ್ಲಿ ದಾರ ಇತ್ತೆಂದು ಗೊತ್ತಾದದ್ದೇ ಹರಿದ ಮೇಲೆ.

ನಾಗೇಂದ್ರ ಜನರನ್ನು ಹಿನ್ನೀರು ದಾಟಿಸುವ ಸಿಗಂದೂರಿನ ಲಾಂಚಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದವನು. ಮೂರು ವರ್ಷದ ಹಿಂದೆ ಲಾಂಚಿನ ಡ್ರೈವರ್ ಕೂರುವ ಹರಿದ ಸೀಟನ್ನು ಹೊತ್ತು ಮೊದಲ ಸಲ ಈ ಅಂಗಡಿಗೆ ಬಂದಿದ್ದ. ಆಮೇಲೆ ಬರಲು ಏನಾದರೊಂದು ನೆವ ಇರುತ್ತಿತ್ತು. ಭಾವನ ಸ್ಕೂಟರಿನ ಸೀಟು, ಪಕ್ಕದ ಮನೆಯವರ ಟಿಲ್ಲರಿನ ಸೀಟು, ಒಮ್ಮೆ ಏನೂ ಸಿಗದೆ ಮನೆಯ ಎರಡು ದಿಂಬು. ಹೋದ ಮಳೆಗಾಲದಲ್ಲಿ ಹಿನ್ನೀರಿಗೆ ಸೇತುವೆಯಾಗಿ ಲಾಂಚು ದಡಕ್ಕೆ ಕಟ್ಟಿಕೊಂಡಿತು. ಕೆಲಸವಿಲ್ಲದ ಕೈ ಸುಮ್ಮನಿರಲಾರದೆ ಗಾಡಿ ಕಟ್ಟಲು ಹೊರಟಿತ್ತು.

ಅವನಿಗೊಂದು ಚಾಳಿ. ಅಂಗಡಿಯ ಮುಂದೆ ಸಾಲಾಗಿ ನಿಂತ ಬೈಕುಗಳ ನಡುವೆ ಇವಳಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಯಾವುದಾದರೊಂದು ಬೈಕಿನ ಕನ್ನಡಿಯನ್ನು ಅತ್ತಿತ್ತ ತಿರುಗಿಸಿ ಮೀಸೆ ತೀಡುತ್ತಿದ್ದ, ಕ್ರಾಪು ಸವರುತ್ತಿದ್ದ. ಎಷ್ಟು ಹೊತ್ತಾದರೂ ಅದು ಮುಗಿಯುತ್ತಿರಲಿಲ್ಲ.

“ಮೀಸೆ ಇದ್ದಲ್ಲೇ ಇದೆ ಮಾರಾಯ್ರೇ, ಯಾರೂ ಕದ್ಕೊಂಡು ಹೋಗಲ್ಲ,” ಎಂದು ಅವಳು ಮೆಷಿನ್ನಿನಿಂದಲೇ ಕೂಗುತ್ತಿದ್ದಳು.

“ಕಾಲ ಸರಿಯಿಲ್ಲ. ನಮ್ಮ ಹುಷಾರಲ್ಲಿ ನಾವಿರ್ಬೇಕು,” ಎನ್ನುತ್ತಿದ್ದ, ತಿರುಗದೆ.

ಸೀಟು ಹೊಲಿಸಲು ಬರುವವರಿಗೆಲ್ಲ ಅವಳು ಹೇಮಕ್ಕ. ಅವಳಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು. ನಾಗೇಂದ್ರ ಮಾತ್ರ ಮೂರು ವರ್ಷದಲ್ಲಿ ಒಮ್ಮೆಯೂ ಅಕ್ಕ ಅನ್ನಲಿಲ್ಲ. ಹೆಸರೂ ಹಿಡಿಯಲಿಲ್ಲ. “ಇವ್ರೇ” ಅನ್ನುತ್ತಿದ್ದ. ಮೂಲೆಯಲ್ಲಿ ಕೂತು ರೆಕ್ಸಿನ್ ಚೂರು ಆಯುತ್ತಿದ್ದ ಅವಳ ಅಮ್ಮ ಕೆರಿಯಮ್ಮ ಅದನ್ನು ಎಂದೋ ಲೆಕ್ಕಕ್ಕೆ ಹಿಡಿದಿದ್ದಳು.

“ಅಕ್ಕ ಅನ್ನದ ಗಂಡಸಿನ ಮೇಲೆ ಒಂದು ಕಣ್ಣಿಟ್ಟಿರ್ಬೇಕು ಮಗಾ.”

“ಎಂತಕ್ಕೆ, ಕಳ್ಳನಾ ಅವ್ನು?”

“ಕಳ್ಳನ ಮೇಲೆ ಮಾತ್ರ ಕಣ್ಣಿಡ್ಬೇಕು ಅಂತ ಯಾರು ಹೇಳಿದ್ರು ನಿಂಗೆ?”

ಆ ಮಾತಿಗೆ ಹೇಮಾವತಿ ಅಂದು ನಕ್ಕಿದ್ದಳು. ಇಂದು ತಗಡಿನ ತಳದ ಅಳತೆ ಹಿಡಿಯುತ್ತ ಅವಳಿಗೆ ನಗು ಬರಲಿಲ್ಲ.

ಅವಳದೊಂದು ಪದ್ಧತಿ. ಫೋಮ್ ಕೊಯ್ದು ತಳಕ್ಕೆ ಅಂಟಿಸಿದ ಮೇಲೆ, ರೆಕ್ಸಿನ್ ಹೊದಿಸುವ ಮುಂಚೆ, ಗಾಡಿ ಓಡಿಸುವವರೇ ಬಂದು ಅದರ ಮೇಲೆ ಐದು ನಿಮಿಷ ಕೂರಬೇಕು. ಎಲ್ಲಿ ಒತ್ತುತ್ತದೋ ಅಲ್ಲಿ ಗುರುತು ಹಾಕಿ ಹೆರೆಯುತ್ತಿದ್ದಳು. ಕೂರದೆ ಹೋದವರ ಸೀಟನ್ನು ಅವಳು ಹೊಲಿಯುತ್ತಲೇ ಇರಲಿಲ್ಲ.

“ಅವ್ರನ್ನ ಕರ್ಕೊಂಡ್ಬನ್ನಿ,” ಎಂದಳು ಗುರುವಾರ ನಾಗೇಂದ್ರ ಬಂದಾಗ.

“ಬರೋಕಾಗಲ್ಲ ಅವ್ರಿಗೆ.”

“ಅಷ್ಟು ದೊಡ್ಡ ಮನುಷ್ಯರಾ?”

“ದೊಡ್ಡೋರೇ.” ಅವನು ಮೆಟ್ಟಿಲ ಕಡೆ ಸರಿದ. “ನೀವೇ ಕೂತು ನೋಡಿ. ನಿಮ್ಮಷ್ಟೇ ಎತ್ತರ. ಮೈಕಟ್ಟೂ ಹೆಚ್ಚುಕಮ್ಮಿ…” ಉಳಿದದ್ದನ್ನು ನುಂಗಿಕೊಂಡು ಹೊರಗೆ ಹೋದವನು ಕನ್ನಡಿಯೊಂದನ್ನು ಹಿಡಿದು ನಿಂತ.

ಹೀಗೆ ಹೇಮಾವತಿ ಇನ್ನೊಬ್ಬಳ ಪರವಾಗಿ ಕೂತಳು. ಗಿಡ್ಡ ಸ್ಟೂಲಿನ ಮೇಲೆ ತಳವಿಟ್ಟು, ಸೀರೆ ಸರಿಮಾಡಿಕೊಂಡು, ಕಾಲು ಮುಂದೆ ಚಾಚಿ. ಎರಡನೇ ವರ್ಷದಲ್ಲಿ ಬಂದ ಪೋಲಿಯೊ ಅವಳ ಒಂದು ಕಾಲನ್ನು ಒಂದಿಂಚು ಗಿಡ್ಡ ಮಾಡಿತ್ತು; ಪಾದಕ್ಕೆ ನಿಲ್ಲುವ ಶಕ್ತಿ ಇತ್ತು, ಒತ್ತುವ ಶಕ್ತಿ ಇರಲಿಲ್ಲ. ಊರವರಿಗೆ ಅದು ಕಂಡೂ ಕಾಣದಷ್ಟು ಹಳೆಯದು. ಪಕ್ಕದ ಗಾಲಿಗಳಿರುವ ಸ್ಕೂಟರ್ ಕೊಡಿಸುತ್ತೇವೆ, ಅರ್ಜಿ ಹಾಕು ಎಂದು ಪಂಚಾಯ್ತಿಯವರು ಎರಡು ಸಲ ಹೇಳಿದ್ದರು. ಅವಳು ಹಾಕಲಿಲ್ಲ. ಎದುರು ಬರುವವರೆಲ್ಲ ಅಯ್ಯೋ ಎಂದು ದಾರಿ ಬಿಡುವ ಗಾಡಿ ಅದು. ಅವಳ ಆಸೆ ಬೇರೆ ಇತ್ತು. “ಓಡಿಸಿದ್ರೆ ಗೇರ್ ಗಾಡೀನೇ ಓಡಿಸ್ಬೇಕು, ಘಾಟಿ ಹತ್ತೋವಾಗ ಗೇರ್ ಇಳಿಸಿ ಗರ್ ಅನ್ನಿಸ್ಬೇಕು,” ಎಂದು ಯಾರ ಹತ್ತಿರವೋ ಹರಟುವಾಗ ಒಮ್ಮೆ ಅಂದಿದ್ದಳು. ಅಂದು ಮರೆತಿದ್ದಳು.

ಸ್ಟೂಲಿನ ಮೇಲೆ ಕೂತಾಗ ಫೋಮ್ ಅವಳ ಮೈಯ ಭಾರಕ್ಕೆ ನಿಧಾನ ತಗ್ಗಿ, ತಗ್ಗಿದಲ್ಲೇ ನಿಂತಿತು. ಹೀಗೇ ಅವಳೂ ಕೂರುತ್ತಾಳೆ, ಎಂದುಕೊಂಡಳು. ಅವಳು ಯಾರಿರಬಹುದು? ಹೊಸನಗರದಲ್ಲಿ ಟೀಚರಾ? ಎರಡೂ ಕಾಲಿನಿಂದ ಚಿಗರೆಯ ಹಾಗೆ ಮೆಟ್ಟಿಲು ಹತ್ತುವವಳಾ?

ಆ ದಿನ ಅವಳು ತಪ್ಪೊಂದು ಮಾಡಿದಳು. ತಿಳಿದೇ ಮಾಡಿದಳು. ಸೊಂಟ ಆನುವಲ್ಲಿ ಫೋಮನ್ನು ಅರ್ಧ ಇಂಚು ಹೆಚ್ಚಾಗಿ ಹೆರೆದು, ಮೇಲೆ ರೆಕ್ಸಿನ್ ಎಳೆದು ಪಿನ್ ಹೊಡೆದುಬಿಟ್ಟಳು. ಹತ್ತು ಮೈಲಿ ಹೋಗುವಷ್ಟರಲ್ಲಿ ಬೆನ್ನು ಹಿಡಿಯಬೇಕು, ಹಾಗೆ. ಮನೆಗೆ ಹೋಗಿ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಮರುದಿನ ಬೆಳಗ್ಗೆ ಅಮ್ಮ ಬರುವ ಮುಂಚೆ ಬಾಗಿಲು ತೆಗೆದು, ಹೊಡೆದ ಪಿನ್ನನ್ನೆಲ್ಲ ಒಂದೊಂದಾಗಿ ಕಿತ್ತು, ಹೊಸ ಫೋಮ್ ಹಾಕಿ ಹೊಲಿದಳು. ಇಷ್ಟು ಚೆಂದದ ಹೊಲಿಗೆ ಅವಳ ಕೈಯಿಂದ ಹಿಂದೆ ಬಿದ್ದಿರಲಿಲ್ಲ. ಕಪ್ಪು ರೆಕ್ಸಿನ್ನಿಗೆ ಅಂಚಿನುದ್ದಕ್ಕೂ ಕುಂಕುಮ ಬಣ್ಣದ ಪೈಪಿಂಗು. ಹೊಲಿಯುತ್ತ ಹೊಲಿಯುತ್ತ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಆ ವಾರವೇ ತೀರ್ಥಹಳ್ಳಿಯಿಂದ ಬಂದ ಸಂಬಂಧದ ಮಾತೂ ಬಿಗಿಯಾಯಿತು.

ವರ ಮಂಜುನಾಥಪ್ಪ. ನಲವತ್ತೊಂಬತ್ತು, ಹಾರ್ಡ್‌ವೇರ್ ಅಂಗಡಿ, ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಹದಿನೈದು ದಿನದ ಹಿಂದೆ ತಂಗಿಯನ್ನು ಕರೆದುಕೊಂಡು ಬಂದು ನೋಡಿ ಹೋಗಿದ್ದ. ಮೃದು ಮನುಷ್ಯ. ಕಾಫಿ ಲೋಟವನ್ನು ತಾನೇ ಒಳಗೆ ಕೊಂಡುಹೋಗಿ ಇಟ್ಟಿದ್ದ. “ಬಲಗಾಲು ಅಲ್ವಾ?” ಎಂದು ತಂಗಿ ಕೇಳಿದಾಗ, “ಕಾಲಿನ ವಿಷಯ ನಮಗೆ ಅಡ್ಡಿಯಿಲ್ಲ,” ಎಂದು ಅವನೇ ಮಾತು ಮುಗಿಸಿದ್ದ. “ಇನ್ನು ಅಂಗಡಿ ಗಿಂಗಡಿ ಎಲ್ಲ ಬೇಡ. ಇಷ್ಟು ವರ್ಷ ಕಷ್ಟಪಟ್ಟಿದಾರೆ. ಮನೇಲಿ ಆರಾಮಾಗಿ ಕೂತಿರ್ಲಿ.”

“ಭಾನುವಾರ ಉತ್ರ ಬೇಕಂತೆ,” ಎಂದಳು ಕೆರಿಯಮ್ಮ. “ನಿನ್ನಣ್ಣ ದಿನೇಶ ಫೋನ್ ಮೇಲೆ ಫೋನ್ ಮಾಡ್ತಿದಾನೆ. ಎಂತ ಹೇಳ್ಲಿ?”

“ಒಳ್ಳೇ ಮನುಷ್ಯ ಅಮ್ಮಾ.”

“ನಾನು ಕೇಳಿದ್ದು ಅದಲ್ಲ.”

ಹೇಮಾವತಿ ಎದ್ದು ನೀರು ಕುಡಿದಳು, ಕೂತಳು, ಮತ್ತೆ ಎದ್ದಳು. ಕೈಗೆ ಸಿಕ್ಕ ಕತ್ತರಿಯನ್ನು ಬೇರೆ ಕಡೆ ಇಟ್ಟು, ಆಮೇಲೆ ಅದನ್ನೇ ಹುಡುಕಿದಳು. ಒಬ್ಬ ಆರಾಮಾಗಿ ಕೂತಿರು ಅನ್ನುತ್ತಾನೆ. ಇನ್ನೊಬ್ಬ ಬೇರೆ ಯಾರನ್ನೋ ಕೂರಿಸಲು ಗಾಡಿ ಕಟ್ಟುತ್ತಾನೆ. ಮೊದಲನೆಯವನಿಗೆ ಹೂಂ ಅನ್ನುವ ಮುಂಚೆ ಆ ಗಾಡಿಯಲ್ಲಿ ಕೂರುವವಳ ಮುಖ ಒಮ್ಮೆ ನೋಡಬೇಕು. ನೋಡಿದರೆ ಈ ಹುಳ ಸಾಯುತ್ತದೆ. ಆಮೇಲೆ ತೀರ್ಥಹಳ್ಳಿಯೇ ಆಗಲಿ.

ಶನಿವಾರ ಬೆಳಗ್ಗೆ ಸೀಟನ್ನು ಟವೆಲಿನಲ್ಲಿ ಸುತ್ತಿಕೊಂಡಳು.

“ಎಲ್ಲಿಗೇ?”

“ಬಟ್ಟೆಮಲ್ಲಪ್ಪಕ್ಕೆ. ಸೀಟು ಫಿಟ್ ಮಾಡಿ ಬರ್ತೀನಿ.”

“ಮನೆಗೇ ಹೋಗಿ ಫಿಟ್ ಮಾಡೋದು ಯಾವಾಗಿಂದ ಶುರು ಮಾಡ್ದೆ?”

“ಇವತ್ತಿಂದ.”

ಹೊಸನಗರದ ಬಸ್ಸಿನಲ್ಲಿ ಸೀಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಪಕ್ಕದಲ್ಲಿದ್ದ ಮುದುಕಿ, “ಮಗು ಮಲಗಿದ್ಯಾ?” ಎಂದು ಟವೆಲು ಸರಿಸಿ ನೋಡಿ ಬೆಚ್ಚಿದಳು.

ಬಟ್ಟೆಮಲ್ಲಪ್ಪದಲ್ಲಿ ನಾಗೇಂದ್ರನ ಮನೆ ಬಸ್‌ಸ್ಟಾಪಿನಿಂದ ಕೂಗಳತೆಯಲ್ಲಿತ್ತು. ಅವನ ತಾಯಿ ವರದಮ್ಮ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದಳು. ಬಂದವಳನ್ನೂ ಟವೆಲಿನ ಗಂಟನ್ನೂ ನೋಡಿ, ಹೆಸರು ಕೇಳದೆ ನಕ್ಕಳು.

“ಬಂದ್ಯಾ ಮಗಾ? ಬಾ. ನನ್ನ ಮಗ ಕೊಟ್ಟಿಗೇಲಿದಾನೆ. ದನ ಮಾರಿದ ಮೇಲೆ ಅಲ್ಲಿ ಕಟ್ಟಿರೋದು ಅವ್ನನ್ನೇ.”

ಕೊಟ್ಟಿಗೆಯ ಬಾಗಿಲಲ್ಲಿ ಹೇಮಾವತಿ ನಿಂತುಬಿಟ್ಟಳು.

ಗಾಡಿ ಒಳಗಿನ ಅರೆಬೆಳಕಿನಲ್ಲಿ ಕೊಕ್ಕರೆಯ ಹಾಗೆ ಮೂತಿ ಚಾಚಿ ನಿಂತಿತ್ತು. ಮುಂದಿನ ಗಾಲಿ ಎಲ್ಲೋ, ಉಳಿದ ಗಾಡಿ ಎಲ್ಲೋ. ಚಿಕ್ಕ ಟ್ಯಾಂಕು ಸುಲಿದ ತೆಂಗಿನಕಾಯಿಯಷ್ಟು ದುಂಡಗೆ. ಚಾಸಿಯ ಪೈಪುಗಳು ಒಂದು ಕಡೆಯಲ್ಲೂ ಮಡಿಕೆ ಬೀಳದೆ ಬಾಗಿದ್ದವು.

ಒಳಗಿದ್ದ ನಾಗೇಂದ್ರ ಅವಳನ್ನು ಕಂಡು ಸ್ಪ್ಯಾನರನ್ನು ಕಾಲ ಮೇಲೆ ಬೀಳಿಸಿಕೊಂಡ.

“ಪೈಪು ಎಲ್ಲಿ ಬಗ್ಗಿಸಿದ್ರಿ?” ಎಂದಳು ಹೇಮಾವತಿ. ಕೇಳಬೇಕಾದದ್ದು ಬೇರೆ ಇತ್ತು.

“ಇಲ್ಲೇ. ಮರಳು ತುಂಬಿ, ಎರಡೂ ಬಾಯಿ ಮುಚ್ಚಿ, ಬೆಂಕೀಲಿ ಕಾಯ್ಸಿ, ಆ ಕಲ್ಲುಕಂಬಕ್ಕೆ ಕೊಟ್ಟು ಎಳೆದಿದ್ದು. ಮೂರು ಹಾಳಾದ್ವು. ನಾಲ್ಕನೇದು ಬಗ್ತು.”

“ಎಲ್ಲಿ ಅವ್ರು?”

“ಯಾರು?”

“ಕೂರೋರು.”

ಅವನು ಸೀಟನ್ನು ಇಸಿದುಕೊಂಡ. ಕುಂಕುಮ ಬಣ್ಣದ ಅಂಚನ್ನು ಹೆಬ್ಬೆರಳಿನಿಂದ ಸವರಿದ. “ಮೊದ್ಲು ಫಿಟ್ ಮಾಡಿ.”

ನಾಲ್ಕು ಬೋಲ್ಟು. ಅವಳೇ ಬಿಗಿದಳು. ಸೀಟು ತನ್ನ ಗೂಡಿಗೆ ತಾನೇ ಹೋಗಿ ಕೂತಂತೆ ಕೂತಿತು.

“ಈಗ ಕೂತು ನೋಡಿ,” ಎಂದ ನಾಗೇಂದ್ರ.

“ನಾನ್ಯಾಕೆ? ಬರೋರು ಬರ್ಲಿ.”

“ಬಂದಾಯ್ತಲ್ಲ.”

ಹೊರಗೆ ವರದಮ್ಮ ಕಾಗೆ ಓಡಿಸುತ್ತಿದ್ದಳು. ಹೇಮಾವತಿ ಗಾಡಿಯನ್ನು ಮತ್ತೊಮ್ಮೆ ನೋಡಿದಳು. ಕಸುಬಿನ ಕಣ್ಣಿನಿಂದ, ತುದಿಯಿಂದ ತುದಿಗೆ. ಎಡಗಡೆ ಕಾಲಿಡುವಲ್ಲಿ ಗೇರಿನ ಪೆಡಲೇ ಇರಲಿಲ್ಲ. ಅದರ ಬದಲು ಎರಡು ಕೇಬಲ್ ಮೇಲೆ ಹೋಗಿ ಎಡಗೈಯ ಹಿಡಿಗೆ ಸೇರಿದ್ದವು. ಹಳೇ ಸ್ಕೂಟರಿನ ಹಾಗೆ, ಕ್ಲಚ್ ಹಿಡಿದು ಹಿಡಿ ತಿರುಗಿಸಿದರೆ ಗೇರು. ಎಡಗಾಲಿಗೆ ಕೆಲಸವೇ ಇಲ್ಲ.

ಐದಡಿ ಎರಡಿಂಚು. ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು.

ಮೈಯೆಲ್ಲ ಬಿಸಿಯಾಯಿತು. ಅದರ ಹಿಂದೆಯೇ, ಏನೆಂದು ಅವಳಿಗೇ ಹೆಸರಿಡಲಾಗದ ಒಂದು ಸಿಟ್ಟು ಎದ್ದುಬಂತು.

“ನನ್ನ ಕೇಳದೆ ನನ್ನ ಕಾಲಿನ ಅಳತೆ ತಗೊಂಡ್ರಾ?”

“ಕೇಳಿದ್ರೆ ಬೇಡ ಅಂತಿದ್ರಿ.”

“ಅಂತಿದ್ದೆ.”

“ಅದ್ಕೇ ಕೇಳ್ಲಿಲ್ಲ.”

“ಬೇಡ ಅನ್ನೋಕೂ ನಂಗೆ ಒಂದು ಅವಕಾಶ ಕೊಡ್ಬೇಕಲ್ವಾ ನಾಗೇಂದ್ರ ಅವ್ರೇ? ಪಂಚಾಯ್ತಿಯವ್ರು ಕೂಡ ಅರ್ಜಿ ಹಾಕು ಅಂತ ಕೇಳಿದ್ರು.”

ಅವನ ಮುಖ ಇಳಿಯಿತು. “ಗೇರ್ ಗಾಡಿ ಓಡಿಸ್ಬೇಕು ಅಂದಿದ್ರಿ ನೀವು. ಘಾಟೀಲಿ ಗರ್ ಅನ್ನಿಸ್ಬೇಕು ಅಂತ. ನಾನು ಅಲ್ಲೇ ಮೆಟ್ಟಿಲ ಮೇಲಿದ್ದೆ. ಲಾಂಚು ನಿಂತ ದಿನ ಮನೆಗೆ ಬಂದು ಕೂತೆ. ಆ ಮಾತೇ ಕಿವೀಲಿ ತಿರುಗ್ತಾ ಇತ್ತು. ಅನುಕಂಪಕ್ಕೆ ಮಾಡಿದ್ದಲ್ಲ ಹೇಮಾವತಿ.”

ಹೆಸರು. ಮೂರು ವರ್ಷದಲ್ಲಿ ಮೊದಲ ಸಲ. ಅದನ್ನು ಕೇಳಿಸಿಕೊಂಡದ್ದು ತೋರಬಾರದೆಂದು ಅವಳು ಗಾಡಿಯ ಬಲಗಡೆ ಬಗ್ಗಿದಳು. ಅಲ್ಲಿ ಹಿಂದಿನ ಬ್ರೇಕಿನ ಪೆಡಲು ಇತ್ತು. ದಪ್ಪಗೆ, 'ಬಾ, ಒತ್ತು' ಎನ್ನುವ ಹಾಗೆ.

ಅವಳು ನಿಧಾನ ನೆಟ್ಟಗಾದಳು. “ಈ ಗಾಡಿ ನಂಗೆ ಮಾಡಿದ್ದಲ್ಲ.”

“ನಿಮ್ಗೇ.”

“ಎಡಗಾಲು ಸರಿಯಿಲ್ಲದೋರು ಯಾರಿಗೋ ಮಾಡಿದ್ದು ಇದು.”

“ನಿಮ್ಮ ಎಡಗಾಲು…”

ಹೇಮಾವತಿ ಸೀರೆಯ ಅಂಚನ್ನು ಹಿಡಿಯಷ್ಟು ಎತ್ತಿದಳು. ಬಲಗಾಲಿನ ಚಪ್ಪಲಿಯ ಅಟ್ಟೆ ಎಡಗಾಲಿನದಕ್ಕಿಂತ ಒಂದಿಂಚು ದಪ್ಪ ಇತ್ತು.

ನಾಗೇಂದ್ರ ಚಪ್ಪಲಿ ನೋಡಿದ. ಗಾಡಿ ನೋಡಿದ. ಮತ್ತೆ ಚಪ್ಪಲಿ ನೋಡಿದ. ತನ್ನ ಎರಡೂ ಕೈ ಮುಂದೆ ಹಿಡಿದು ಎಡ ಯಾವುದು ಬಲ ಯಾವುದು ಎಂದು ಲೆಕ್ಕ ಹಾಕಿದ.

“ಎಂಟು ತಿಂಗ್ಳು!” ಮಜ್ಜಿಗೆ ತಂದಿದ್ದ ವರದಮ್ಮ ಬಾಗಿಲಲ್ಲೇ ಲೋಟ ಕೆಳಗಿಟ್ಟು ನಕ್ಕಳು. “ಎಂಟು ತಿಂಗ್ಳು ಊಟ ನಿದ್ದೆ ಬಿಟ್ಟು ಮಾಡಿದ್ದು ಮಾರಾಯ್ತಿ. ಕಾಲೇ ತಪ್ಪಿದಾನೆ!”

“ಮೂರು ವರ್ಷದಿಂದ ಅಂಗಡಿಗೆ ಬರ್ತೀರಿ,” ಎಂದಳು ಹೇಮಾವತಿ. “ಒಂದ್ಸಲನಾದ್ರೂ ನನ್ನ ನೋಡಿದೀರಾ ಇಲ್ವಾ?”

“ನೋಡ್ತಾನೇ ಇದ್ದೆ.”

“ಯಾವಾಗ? ನೀವು ನೋಡ್ತಿದ್ದದ್ದು ನಿಮ್ಮ ಮೀಸೆ.”

ಅವನು ಮೀಸೆಗೆ ಕೈ ಒಯ್ದು ಇಳಿಸಿದ. ಕಿವಿ ಮೊದಲು ತುದಿಯಲ್ಲಿ, ಆಮೇಲೆ ಬುಡದವರೆಗೂ ಕೆಂಪಾಗುತ್ತ ಹೋಯಿತು.

ಆಗ ಅವಳಿಗೆ ಹೊಳೆಯಿತು. ಕನ್ನಡಿ. ಅತ್ತಿತ್ತ ತಿರುಗಿಸಿ, ಒಂದು ಕೋನಕ್ಕೆ ತಂದು ನಿಲ್ಲಿಸುತ್ತಿದ್ದ ಕನ್ನಡಿ. ಮೀಸೆ ನೋಡಲು ಅಷ್ಟೊಂದು ತಿರುಗಿಸಬೇಕಾಗಿರಲಿಲ್ಲ. ಬೆನ್ನು ಹಾಕಿ ನಿಂತು ಅವನು ನೋಡುತ್ತಿದ್ದದ್ದು ಒಳಗೆ ಮೇಜಿನಿಂದ ಮೆಷಿನ್ನಿಗೆ, ಮೆಷಿನ್ನಿನಿಂದ ಕಪಾಟಿಗೆ ನಡೆಯುತ್ತಿದ್ದ ಅವಳನ್ನು. ಕನ್ನಡಿಯಲ್ಲಿ ಬಲವೆಲ್ಲ ಎಡ. ನೇರ ನೋಡುವ ಧೈರ್ಯವಾಗದೆ ಮೂರು ವರ್ಷ ಕದ್ದು ನೋಡಿದವನಿಗೆ ಮಾತ್ರ ಆಗಬಹುದಾದ ತಪ್ಪು ಅದು. ತೀರ್ಥಹಳ್ಳಿಯವರು ಅರ್ಧ ಗಂಟೆ ಕೂತು ಹೋಗಿದ್ದರು. ಯಾವ ಕಾಲೆಂದು ಅವರಿಗೆ ಸರಿಯಾಗಿ ಗೊತ್ತಿತ್ತು.

ನಗು ಹೊಟ್ಟೆಯ ಆಳದಿಂದ ಎದ್ದುಬಂತು. ತಡೆಯಲು ನೋಡಿದಳು, ಆಗಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದು ಕಲ್ಲುಕಂಬ ಹಿಡಿದು ನಿಂತಳು. ನಾಗೇಂದ್ರ ಅಪರಾಧಿಯ ಹಾಗೆ ನಿಂತಿದ್ದ. ಆದರೂ ನೋಡುತ್ತಿದ್ದ, ಈ ಸಲ ನೇರವಾಗಿ.

“ಎಲ್ಲ ಬಿಚ್ಬೇಕು,” ಎಂದ. “ಗೇರು ವಾಪಸ್ ಕಾಲಿಗೆ ತಂದು…”

“ಎಂತಕ್ಕೆ ಬಿಚ್ಚೋದು?” ಅವಳು ಕಣ್ಣೊರೆಸಿಕೊಂಡಳು. “ಗೇರು ಕೈಗೆ ಬಂದಾಯ್ತು. ನನ್ನ ಎಡಗಾಲು ಗಟ್ಟಿ ಇದೆ, ಕೆಲಸ ಇಲ್ದೆ ಖಾಲಿ ಕೂತಿರ್ತದೆ. ಬ್ರೇಕು ಆ ಕಡೆ ತನ್ನಿ.”

ಅವನು ಗಾಡಿಯ ಕೆಳಗೆ ಮಂಡಿಯೂರಿ ನೋಡಿದ. ಅಡ್ಡಕ್ಕೆ ಒಂದು ಕಂಬಿ ಹಾಯಿಸಿ, ಆಚೆಗೊಂದು ಈಚೆಗೊಂದು ಲಿವರ್ ಕೊಟ್ಟರೆ… “ಆಗ್ತದೆ!” ಎಂದ. ಆ ದನಿಯಲ್ಲಿ ಎಂಟು ತಿಂಗಳ ಕೆಲಸ ಮತ್ತೆ ಮೊದಲಾದ ಖುಷಿ ಇತ್ತು.

ಮಧ್ಯಾಹ್ನವೆಲ್ಲ ಇಬ್ಬರೂ ಸೇರಿ ಕಂಬಿ ಕೊಯ್ದರು. ಅವಳು ಪಾದ ಇಟ್ಟು ತೋರಿಸಿದಲ್ಲಿ ಅವನು ಚಾಕ್ ಗುರುತು ಹಾಕಿದ. ಚಪ್ಪಲಿ ಕಳಚಿದ ಎಡಪಾದದ ಹತ್ತಿರ ಅವನ ಕೈ ಬಂದಾಗ ಬೆರಳು ತಾಗದಂತೆ ಅವನೂ, ತಾಗಿದರೂ ಸರಿಯದಂತೆ ಅವಳೂ ಎಚ್ಚರವಾಗಿದ್ದರು.

ನಾಲ್ಕೂವರೆಯ ಬಸ್ಸಿಗೆ ಅವನು ಸ್ಟಾಪಿನವರೆಗೆ ಬಂದ.

“ನಾಳೆ ತೀರ್ಥಹಳ್ಳಿಯವ್ರಿಗೆ ಉತ್ರ ಹೇಳ್ಬೇಕು,” ಎಂದಳು ಹೇಮಾವತಿ, ರಸ್ತೆ ನೋಡುತ್ತ. “ಮದುವೆ ಮಾತು.”

ಅವನು ರಸ್ತೆಯಂಚಿನ ಕಲ್ಲೊಂದನ್ನು ಕಾಲಿನಿಂದ ಹೊರಳಿಸಿದ. “ಒಳ್ಳೇ ಜನನಾ?”

“ಒಳ್ಳೇ ಜನ. ಸ್ವಂತ ಅಂಗಡಿ ಇದೆ.”

“ಲಾಂಚು ಇನ್ನು ಶುರುವಾಗಲ್ಲ,” ಎಂದ ನಾಗೇಂದ್ರ. ಅದಕ್ಕೂ ಇದಕ್ಕೂ ಸಂಬಂಧವಿಲ್ಲದ ಹಾಗೆ. “ಬೇರೆ ಕೆಲ್ಸ ಹುಡುಕ್ಬೇಕು. ಸಿಗ್ತದೋ ಇಲ್ವೋ.”

ಬಸ್ಸು ಬಂತು. ಅವಳು ಹತ್ತಿದಳು. ಕಿಟಕಿಯಿಂದ ನೋಡಿದಾಗ ಅವನು ಏನೋ ಹೇಳಲು ಬಾಯಿ ತೆರೆದಿದ್ದ. ಕಂಡಕ್ಟರ್ ಸೀಟಿ ಊದಿದ.

ಸಾಗರ ಬರುವವರೆಗೂ ಅವಳು ಒಳಗೊಳಗೇ ಅವನನ್ನು ಬೈದಳು. ಹೇಡಿ. ಕಬ್ಬಿಣ ಬಗ್ಗಿಸಲು ಬರುತ್ತದೆ, ಒಂದು ಮಾತು ಆಡಲು ಬರುವುದಿಲ್ಲ. ಹಾಗೆಂದು ಅವನು ಕೇಳುವವರೆಗೆ ತೀರ್ಥಹಳ್ಳಿಯನ್ನು ಕೈಯಲ್ಲಿ ಹಿಡಿದು ನಿಲ್ಲುವುದೇ? ಅದು ಅವಳಿಂದಾಗದು. ಅವನು ಕೇಳದಿದ್ದರೂ ಅವಳ ಉತ್ತರ ಅವಳದೇ.

ಭಾನುವಾರ ಅಣ್ಣನಿಗೆ ತಾನೇ ಫೋನ್ ಮಾಡಿದಳು.

“ಬೇಡ ದಿನೇಶಣ್ಣ.”

“ಎಂತ ಕೊರತೆ ಅವ್ರಿಗೆ? ಕಾಲಿಗೆ ಅಡ್ಡಿಯಿಲ್ಲ ಅಂದ್ರಲ್ಲೇ!”

“ಹೌದು. ಅಂಗಡಿಗೆ ಅಡ್ಡಿ ಅಂದ್ರು. ನಂಗೆ ಕಾಲಿಗಿಂತ ಅಂಗಡಿ ಮುಖ್ಯ. ಒಳ್ಳೇ ಮನುಷ್ಯ, ನೋವಾಗದ ಹಂಗೆ ಹೇಳು. ಇಲ್ಲಾಂದ್ರೆ ನಂಬರ್ ಕೊಡು, ನಾನೇ ಹೇಳ್ತೀನಿ.”

ಆಮೇಲೆ ಆರು ದಿನ ಅವಳಿಗೆ ಒಂದು ಕಡೆ ನಿಲ್ಲಲಾಗಲಿಲ್ಲ. ಅಂಗಡಿಯ ಮುಂದೆ ಬೈಕು ನಿಂತ ಸದ್ದಾದರೆ ತಲೆ ಎತ್ತುತ್ತಿದ್ದಳು. ಆಟೋ ಸೀಟಿಗೆ ಬೈಕಿನ ರೆಕ್ಸಿನ್ ಕೊಯ್ದಳು. ಏಳನೇ ದಿನ ಫೋನು ಬಂತು.

“ಗಾಡಿ ರೆಡಿ,” ಎಂದ ನಾಗೇಂದ್ರ. ದನಿ ಒಣಗಿತ್ತು. “ನಿಮ್ದು… ಏನೇ ಆಗಿರ್ಲಿ. ಗಾಡಿ ನಿಮ್ದೇ. ಟ್ರಯಲ್‌ಗೆ ಬರ್ತೀರಾ?”

“ಎಲ್ಲಿಗೆ?”

“ಹೊನ್ನೆಮರಡು. ನೀರು ಇಳ್ದಿದೆ. ರಸ್ತೇಲಿ ಓಡ್ಸೋ ಹಂಗಿಲ್ಲ ಇದನ್ನ, ಪೊಲೀಸ್ರು ಹಿಡೀತಾರೆ.”

ತೀರ್ಥಹಳ್ಳಿಯ ಮಾತು ಏನಾಯಿತೆಂದು ಕೇಳಿದರೆ ಹೇಳಬಹುದಿತ್ತು. ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹಿನ್ನೀರು ಹಿಂದೆ ಸರಿದು ಬಿಟ್ಟುಹೋದ ನೆಲ ಕಣ್ಣು ಹಾಯುವವರೆಗೂ ಬರಿ ಬಯಲು. ಬಿರುಕು ಬಿಟ್ಟ ಕೆಸರು ಒಣಗಿ ಗಟ್ಟಿಯಾಗಿ, ಮೇಲೆ ಗೇಣು ಹುಲ್ಲು. ಲಗೇಜ್ ಆಟೋದಿಂದ ಗಾಡಿ ಇಳಿಸಿದರು. ಮಗಳ ಜೊತೆ ಹಟ ಹಿಡಿದು ಬಂದಿದ್ದ ಕೆರಿಯಮ್ಮ ದಡದ ಮರದ ನೆರಳಲ್ಲಿ ಎಲೆಯಡಿಕೆಯ ಚೀಲ ಬಿಚ್ಚಿದಳು.

“ಕ್ಲಚ್ಚು ಹಿಡೀರಿ. ಹಿಡಿ ಮುಂದಕ್ಕೆ ತಿರುಗ್ಸಿ, ಒಂದನೇ ಗೇರು. ಬಿಡೋದು ನಿಧಾನ,” ಎಂದ ನಾಗೇಂದ್ರ.

ಮೊದಲನೇ ಸಲ ಗಾಡಿ ಕೆಮ್ಮಿ ನಿಂತಿತು. ಎರಡನೇ ಸಲ ಹಾರಿ ನಿಂತಿತು. ಮೂರನೇ ಸಲ ಅವನು ಪಕ್ಕದಲ್ಲೇ ಓಡಿದ, ಹ್ಯಾಂಡಲಿನ ಹತ್ತಿರ ಕೈ ಚಾಚಿಕೊಂಡು. “ಬಿಡಿ!” ಎಂದಳು ಹೇಮಾವತಿ. “ಹಿಡ್ದೇ ಇಲ್ಲ!” ಎಂದ ಅವನು, ಮತ್ತು ಹಿಂದುಳಿದ.

ಎರಡನೇ ಗೇರು. ಮೂರನೇದು. ಉದ್ದ ಮೂತಿ ಮುಂದೆ ಗಾಳಿ ಸೀಳುತ್ತಿತ್ತು. ಮೈಯ ಕೆಳಗೆ ಇಂಜಿನ್ನು ಗುಡುಗುತ್ತಿತ್ತು. ಆ ಗುಡುಗು ಬೆನ್ನುಹುರಿಯಲ್ಲಿ ಹತ್ತಿ ಹಲ್ಲಿನವರೆಗೆ ಬರುತ್ತಿತ್ತು. ಸೆರಗು ಬಿಚ್ಚಿ ಹಾರಿತು. ಅವಳು ಕೂಗಿದಳು, ಏನೆಂದು ಅವಳಿಗೇ ಕೇಳಿಸಲಿಲ್ಲ. ನೀರಿನ ಅಂಚು ಹತ್ತಿರ ಬಂದಾಗ ಎಡಗಾಲು ತಾನಾಗಿ ಒತ್ತಿತು. ಗಾಡಿ ಹುಲ್ಲಿನ ಮೇಲೆ ಜಾರಿ, ಸಾವರಿಸಿಕೊಂಡು ನಿಂತಿತು. ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಿದವು.

ತಿರುಗಿಸಿಕೊಂಡು ಬಂದು ಅವನ ಎದುರು ನಿಲ್ಲಿಸಿದಳು. ಇಂಜಿನ್ ಆರಿಸಲಿಲ್ಲ.

ಅವನು ಏನೋ ಅಂದ. ತುಟಿ ಆಡಿದ್ದು ಮಾತ್ರ ಕಂಡಿತು.

“ಜೋರಾಗಿ!” ಎಂದಳು.

“ತೀರ್ಥಹಳ್ಳಿಯವ್ರಿಗೆ ಎಂತ ಹೇಳಿದ್ರಿ?”

“ಬೇಡ ಅಂದೆ! ಭಾನುವಾರವೇ!”

“ಯಾಕೆ?”

“ಅದು ನಂಗೆ ಬಿಟ್ಟಿದ್ದು! ನೀವು ಕೇಳೋದು ಏನಾದ್ರೂ ಇದ್ರೆ ಕೇಳಿ!” ಅವಳು ಬೇಕೆಂದೇ ಆಕ್ಸಿಲರೇಟರ್ ತಿರುವಿದಳು. ಸೈಲೆನ್ಸರ್ ಗುಡುಗಿತು.

ಲಾಂಚಿನ ಇಂಜಿನ್ನಿನ ಮೇಲೆ ಹತ್ತು ವರ್ಷ ಕೂಗಿ ಮಾತಾಡಿದ ಗಂಟಲು ಅದು. ನಾಗೇಂದ್ರ ಕಣ್ಣು ಮುಚ್ಚಿ, ಎದೆಯ ತುಂಬ ಗಾಳಿ ಎಳೆದುಕೊಂಡು ಕೂಗಿದ:

“ನನ್ನ ಮದುವೆ ಆಗ್ತೀರಾ?”

ದೂರದ ನೀರಿನಲ್ಲಿ ಬಲೆ ಹಾಕುತ್ತಿದ್ದವನೊಬ್ಬ ತಿರುಗಿ ನೋಡಿದ. ಹುಲ್ಲಿನಿಂದ ಬೆಳ್ಳಕ್ಕಿಗಳು ಎದ್ದವು. ಮರದ ನೆರಳಿನಿಂದ ಕೆರಿಯಮ್ಮನ ದನಿ ಬಂತು. “ಹೂಂ ಅನ್ನೇ ಹೇಮಿ!”

“ಅಮ್ಮಾ, ನಿನ್ನ ಕೇಳಿದ್ದಲ್ಲ!”

ಅವಳು ಕೀ ತಿರುಗಿಸಿದಳು. ಇಂಜಿನ್ ನಿಂತು, ಬಯಲಿನ ಮೌನ ಒಮ್ಮೆಲೇ ಕಿವಿಗೆ ಬಿತ್ತು.

“ಅಂಗಡಿ ಮುಚ್ಚಲ್ಲ,” ಎಂದಳು. “ಹಿಂದುಗಡೆ ಜಾಗ ಇದೆ, ನಿಮ್ಮ ವೆಲ್ಡಿಂಗು ಅಲ್ಲಿ ಇಟ್ಕೊಳ್ಳಿ. ನಂಗೆ ಅಂತ ಏನೇ ಮಾಡೋದಿದ್ರೂ ಇನ್ನು ಮೇಲೆ ಕೇಳಿ ಮಾಡ್ಬೇಕು.” ಸ್ವಲ್ಪ ತಡೆದು, “ಹೂಂ,” ಎಂದಳು.

“ಆಯ್ತು!” ಎಂದ ನಾಗೇಂದ್ರ. ಇಂಜಿನ್ ನಿಂತದ್ದು ತಿಳಿಯದವನ ಹಾಗೆ ಇನ್ನೂ ಕೂಗುತ್ತಲೇ ಇದ್ದ. “ಆಯ್ತು! ಕೇಳ್ತೀನಿ!”

“ಕೂಗ್ಬೇಡಿ. ಇಲ್ಲೇ ಇದೀನಿ.”

ಗಾಡಿಯ ನಡುಕ ನಿಂತಿದ್ದರೂ ಅವಳು ಹ್ಯಾಂಡಲಿನಿಂದ ಕೈ ತೆಗೆದಿರಲಿಲ್ಲ. ನಾಗೇಂದ್ರ ಹತ್ತಿರ ಬಂದ. ಮಸಿ ಹಿಡಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಒಂದು ಕ್ಷಣ ತಡೆದು, “ಇಡ್ಲಾ?” ಎಂದು ಕೇಳಿದ. ಅವಳು ತಲೆಯಾಡಿಸಿದಳು. ಅವನು ತನ್ನ ಕೈಯನ್ನು ಅವಳ ಕೈಯ ಮೇಲಿಟ್ಟ.